ಹಾಕಿಯಲ್ಲಿ ಆಟಗಾರ ಅಂಪೈರ್‌ಗೆ ತಾಗಿದರೆ ಬೇಕಂತಲೋ, ಅಕಸ್ಮಾತ್ತೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಶಾಲಾ ಕ್ರೀಡಾಕೂಟ, ಕಾಲೇಜು ಪಂದ್ಯ, ದಸರಾ ಕ್ರೀಡಾಕೂಟಗಳಲ್ಲಿ ಸೀಟಿ ಹಿಡಿಯುವ ದೈಹಿಕ ಶಿಕ್ಷಕರು, ಆಡುವ ಹುಡುಗ ಹುಡುಗಿಯರು, ಗೆರೆಯಾಚೆ ನಿಂತ ಪೋಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಬೇರೆ ಹೇಳದ ಕಡೆಯೆಲ್ಲ ನಿಯಮ ಅಂದರೆ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ಮೈದಾನದ ಹಾಕಿ ನಿಯಮ.

## ಮೊದಲು ತಿಳಿಯಬೇಕಾದ್ದು

"ಅಂಪೈರ್ ಮೈ ಮುಟ್ಟಿದ್ರೆ ಸೀದಾ ರೆಡ್ ಕಾರ್ಡ್ ಅಲ್ವಾ ಸಾರ್?"

ಅಲ್ಲ. ಆಟಗಾರ ಇನ್ನೊಬ್ಬ ಆಟಗಾರನ ಜತೆ, ಅಂಪೈರ್ ಜತೆ ಅಥವಾ ಬೇರೆ ಅಧಿಕಾರಿಯ ಜತೆ ಉದ್ದೇಶಪೂರ್ವಕವಾಗಿ, ಗಂಭೀರವಾಗಿ ಅನುಚಿತವಾಗಿ ವರ್ತಿಸಿದರೆ ಕೂಡಲೇ ಕೆಂಪು ಕಾರ್ಡ್ ತೋರಿಸಬೇಕು ಎನ್ನುತ್ತದೆ ನಿಯಮ. ಇದರಲ್ಲಿ ಎರಡು ಷರತ್ತಿವೆ. ಕೃತ್ಯ ಬೇಕಂತಲೇ ಆಗಿರಬೇಕು, ಜತೆಗೆ ಗಂಭೀರವೂ ಆಗಿರಬೇಕು. ಎರಡೂ ಇದ್ದರೆ "ಮೊದಲು ಹಸಿರು, ಆಮೇಲೆ ಹಳದಿ" ಎಂದು ಮೆಟ್ಟಿಲು ಹತ್ತುವ ಪ್ರಶ್ನೆಯೇ ಇಲ್ಲ, ಸೀದಾ ಕೆಂಪು. ಒಂದು ಷರತ್ತು ಇಲ್ಲದಿದ್ದರೂ ಲೆಕ್ಕ ಬದಲಾಗುತ್ತದೆ. ಹಾಗಾಗಿ "ತಾಗಿತೋ ಇಲ್ಲವೋ" ಎಂಬಲ್ಲಿಗೆ ಅಂಪೈರ್ ಕೆಲಸ ಮುಗಿಯುವುದಿಲ್ಲ.

"ಚೆಂಡು ಅಂಪೈರ್ ಕಾಲಿಗೆ ಬಡಿದ್ರೆ ಏನು ಕೊಡ್ತಾರೆ?"

ಏನೂ ಕೊಡುವುದಿಲ್ಲ, ಆಟ ಮುಂದುವರಿಯುತ್ತದೆ. ಅಂಪೈರ್‌ಗೆ ಪೆಟ್ಟಾಗಿ ಆಟ ನಿಲ್ಲಿಸಬೇಕಾಗಿ ಬಂದು, ಯಾರದ್ದೂ ತಪ್ಪಿಲ್ಲದಿದ್ದರೆ ಬುಲಿ (ಎರಡೂ ತಂಡದ ಒಬ್ಬೊಬ್ಬರು ಎದುರುಬದುರು ನಿಂತು, ಸ್ಟಿಕ್‌ಗೆ ಸ್ಟಿಕ್ ತಟ್ಟಿ ಚೆಂಡಿಗೆ ಸೆಣಸುವುದು) ಹಾಕಿ ಮತ್ತೆ ಶುರು ಮಾಡುತ್ತಾರೆ.

"ಮೂರು ಕಾರ್ಡಿಗೂ ಏನು ವ್ಯತ್ಯಾಸ? ಯಾವ ತಾಗುವಿಕೆಗೆ ಯಾವುದು?"

ತ್ರಿಕೋನದ ಹಸಿರು ಕಾರ್ಡಿಗೆ 2 ನಿಮಿಷ ಹೊರಗೆ. ಚೌಕದ ಹಳದಿಗೆ ಕನಿಷ್ಠ 5 ನಿಮಿಷ. ದೈಹಿಕ ತಪ್ಪಾದರೆ ಸಾಮಾನ್ಯವಾಗಿ 10. ದುಂಡನೆಯ ಕೆಂಪು ಬಂದರೆ ಆ ಆಟಗಾರನ ಪಂದ್ಯ ಮುಗಿದಂತೆ, ತಂಡ ಕೊನೆಯವರೆಗೂ ಒಬ್ಬ ಕಡಿಮೆಯಲ್ಲಿ ಆಡಬೇಕು. ಸಣ್ಣ ತಪ್ಪಿನ ಹಳದಿಗೂ ದೈಹಿಕ ತಪ್ಪಿನ ಹಳದಿಗೂ ಅವಧಿಯಲ್ಲಿ ಸ್ಪಷ್ಟ ವ್ಯತ್ಯಾಸ ಇರಬೇಕೆಂದು ನಿಯಮವೇ ಹೇಳುತ್ತದೆ. ಕಾರ್ಡ್ ತೋರಿಸಿದ ತಪ್ಪನ್ನೇ ಆಟಗಾರ ಮತ್ತೆ ಮಾಡಿದರೆ ಅದೇ ಕಾರ್ಡ್ ಎರಡನೇ ಸಲ ತೋರಿಸುವಂತಿಲ್ಲ, ಮೇಲಿನದ್ದಕ್ಕೆ ಹೋಗಬೇಕು.

ತಾಗುವಿಕೆಗೆ ಹೀಗೆ ಹೊಂದಿಸಬಹುದು. ಆಟದ ಓಟದಲ್ಲಿ ಡಿಕ್ಕಿ ಹೊಡೆದರೆ ಏನೂ ಇಲ್ಲ. ಗಮನ ಸೆಳೆಯಲು ತೋಳು ಮುಟ್ಟಿದರೆ ಬಾಯಿಮಾತಿನ ಎಚ್ಚರಿಕೆ ಅಥವಾ ಹಸಿರು. ತೋಳು ಹಿಡಿದು ನಿಲ್ಲಿಸಿದರೆ, ಹಾದಿಗೆ ಅಡ್ಡ ನಿಂತು ಎದೆಯೊಡ್ಡಿದರೆ ಹಳದಿ. ತಳ್ಳಿದರೆ, ಹೊಡೆದರೆ, ಸ್ಟಿಕ್ ಬೀಸಿದರೆ, ಉಗುಳಿದರೆ ಕೆಂಪು. ಈ ಹೊಂದಿಕೆ ನಿಯಮಪುಸ್ತಕದ ಪಟ್ಟಿಯಲ್ಲ, ನಾವು ಸರಿ ಎಂದುಕೊಂಡಿರುವ ಅಳತೆ.

## ಮೈದಾನದಲ್ಲಿ ನೋಡಬೇಕಾದ್ದು

"ಅವನ ಮನಸ್ಸಲ್ಲಿ ಏನಿತ್ತು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?"

ಮನಸ್ಸು ಯಾರಿಗೂ ಕಾಣುವುದಿಲ್ಲ. ಮೈ ಕಾಣುತ್ತದೆ. ಅಂಪೈರ್ ತೀರ್ಪು ಕೊಡಬೇಕಾದ್ದು ಮೈ ಏನು ಮಾಡಿತು ಎಂಬುದರ ಮೇಲೆ.

ಮೊದಲು ಕಣ್ಣು. ತಾಗುವ ಮುಂಚೆ ಅವನ ನೋಟ ಚೆಂಡಿನ ಮೇಲಿತ್ತೋ, ಅಂಪೈರ್ ಮೇಲಿತ್ತೋ? ಚೆಂಡು ಎಡಕ್ಕೆ ಹೋಗುತ್ತಿರುವಾಗ ಮುಖ ಬಲಕ್ಕಿದ್ದರೆ ಅದು ದೊಡ್ಡ ಸುಳಿವು.

ಆಮೇಲೆ ದೂರ. ಜೋರಾಗಿ ಓಡುವ ಯುವಕ ಸೆಕೆಂಡಿಗೆ 6 ಮೀಟರ್ ದಾಟುತ್ತಾನೆ. ಕಂಡದ್ದು ತಲೆಗೆ ಹೋಗಿ ಕಾಲು ಸ್ಪಂದಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಅಂದರೆ ಅಂಪೈರ್ ಎದುರಿಗಿದ್ದಾರೆ ಎಂದು ಗೊತ್ತಾದ ಮೇಲೂ ಏನೂ ಮಾಡಲಾಗದೆ ಒಂದೂವರೆ ಮೀಟರ್ ಕಳೆದಿರುತ್ತದೆ. ತಿರುಗುವುದಾಗಲಿ ನಿಲ್ಲುವುದಾಗಲಿ ಅದರ ಮೇಲಿನ ಲೆಕ್ಕ. ಎರಡು ಮೀಟರ್ ಒಳಗೆ ದಿಢೀರ್ ಎದುರಾದವರನ್ನು ಯಾರಿಗೂ ತಪ್ಪಿಸಲು ಆಗದು. ಐದಾರು ಮೀಟರ್ ಬಯಲಿದ್ದು, ಪಕ್ಕಕ್ಕೆ ಜಾಗವಿದ್ದೂ ನೇರ ಬಂದನೆಂದರೆ ಅದು ಆಯ್ಕೆ.

ಮೂರನೆಯದು ಕೈ. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವುದು ಇದೇ. ಡಿಕ್ಕಿ ಆಗಿಯೇ ಆಗುತ್ತದೆ ಎಂದು ಗೊತ್ತಾದವನ ಕೈಗಳು ತಾವಾಗಿಯೇ ಎದೆಯ ಮುಂದೆ ಬರುತ್ತವೆ, ಅಂಗೈ ಬಿಚ್ಚಿಕೊಳ್ಳುತ್ತದೆ, ಮೊಣಕೈ ಮಡಚಿ ಪೆಟ್ಟನ್ನು ಹೀರಿಕೊಳ್ಳುತ್ತದೆ. ಎಷ್ಟೋ ಸಲ ಎದುರಿನವರು ಬೀಳದಿರಲಿ ಎಂದು ಅದೇ ಕೈ ಅವರ ತೋಳನ್ನು ಹಿಡಿದುಕೊಳ್ಳುತ್ತದೆ. ಬೇಕಂತಲೇ ತಳ್ಳುವವನಲ್ಲಿ ಇದು ತಿರುವುಮುರುವು: ಮಡಚಿದ ಮೊಣಕೈ ತಾಗಿದ ಕ್ಷಣದಲ್ಲೇ ನೇರವಾಗುತ್ತದೆ, ಭುಜ ಒಂದಿಷ್ಟು ಕೆಳಗಿಳಿದು ಮುಂದೆ ನುಗ್ಗುತ್ತದೆ. ಒಬ್ಬನ ಕೈ ಪೆಟ್ಟು ತೆಗೆದುಕೊಳ್ಳುತ್ತದೆ, ಇನ್ನೊಬ್ಬನ ಕೈ ಪೆಟ್ಟು ಕೊಡುತ್ತದೆ. ಒಂದೆರಡು ಪಂದ್ಯ ಇದನ್ನೇ ಗಮನಿಸುತ್ತಾ ನೋಡಿ, ಕಣ್ಣು ಪಳಗುತ್ತದೆ.

ನಾಲ್ಕನೆಯದು ವೇಗ. ಕೊನೆಯ ಎರಡು ಹೆಜ್ಜೆಯಲ್ಲಿ ನಿಧಾನ ಮಾಡಿದನೋ, ಹೆಚ್ಚಿಸಿದನೋ?

ಕೊನೆಗೆ, ಆಟ ಯಾವ ಸ್ಥಿತಿಯಲ್ಲಿತ್ತು? ಸೀಟಿ ಊದಿ ಆಟ ನಿಂತ ಮೇಲೆ ಅಂಪೈರ್ ಹತ್ತಿರ ಹೋಗಲು ಆಟಗಾರನಿಗೆ ಆಟದ ಕಾರಣ ಇರುವುದೇ ಇಲ್ಲ. ಹಾಗಾಗಿ ಸತ್ತ ಚೆಂಡಿನಲ್ಲಿ ಆದ ತಾಗುವಿಕೆಗೆ "ಗೊತ್ತಾಗಲಿಲ್ಲ" ಎಂಬ ಉತ್ತರ ಬಹಳ ಬಲಹೀನ.

ಒಂದೇ ಸುಳಿವನ್ನು ನಂಬಿ ಕೆಂಪು ತೆಗೆಯಬಾರದು. ಮೂರಾದರೂ ಒಂದೇ ಕಡೆ ಬೊಟ್ಟು ಮಾಡಬೇಕು.

"ನಮ್ಮ ಕಡೆ ಮಳೆಗಾಲದಲ್ಲೇ ತಾಲ್ಲೂಕು ಮಟ್ಟದ ಆಟ. ಫೀಲ್ಡ್ ಪೂರ್ತಿ ಕೆಸರು. ಜಾರಿ ಬಂದು ಗುದ್ದಿದ್ದನ್ನ ಹೆಂಗೆ ನೋಡೋದು?"

ಮೂಡಿಗೆರೆ, ಸಕಲೇಶಪುರದ ಕಡೆಯವರು ತಪ್ಪದೆ ಕೇಳುವ ಪ್ರಶ್ನೆ. ಒದ್ದೆ ನೆಲದಲ್ಲಿ ನಿಲ್ಲಲು ಬೇಕಾದ ದೂರ ಬಹಳ ಹೆಚ್ಚು, ಆದ್ದರಿಂದ ದೂರದ ಲೆಕ್ಕವನ್ನು ಸಡಿಲ ಮಾಡಬೇಕು. ಆದರೆ ಕೆಸರು ಒಂದು ಉಪಕಾರವನ್ನೂ ಮಾಡುತ್ತದೆ, ಗುರುತು ಉಳಿಸುತ್ತದೆ. ನಿಲ್ಲಲು ಪ್ರಯತ್ನಿಸಿದವನ ಹಿಮ್ಮಡಿ ಮಣ್ಣಿನಲ್ಲಿ ಉದ್ದನೆಯ ಗೀರು ಎಳೆದಿರುತ್ತದೆ. ಮುನ್ನುಗ್ಗಿದವನ ಹೆಜ್ಜೆಯಲ್ಲಿ ಬೆರಳ ಕಡೆ ಮಣ್ಣು ಆಳವಾಗಿ ಕಿತ್ತಿರುತ್ತದೆ, ಗೀರು ಇರುವುದಿಲ್ಲ. ಅನುಮಾನವಿದ್ದರೆ ಟೈಮ್ ನಿಲ್ಲಿಸಿ, ಎಲ್ಲರೂ ತುಳಿದು ಅಳಿಸುವ ಮುಂಚೆ ಒಮ್ಮೆ ನೆಲ ನೋಡಿ. ಟರ್ಫ್ ಮೇಲೆ ಈ ಅನುಕೂಲ ಇಲ್ಲ.

ಮಳೆಯ ದಿನ ಅಂಪೈರ್ ಕೂಡ ಆಟದಿಂದ ಮಾಮೂಲಿಗಿಂತ ಎರಡು ಹೆಜ್ಜೆ ದೂರ ನಿಲ್ಲುವುದು, ಸ್ಟಡ್ ಇರುವ ಶೂ ಹಾಕುವುದು ಒಳ್ಳೆಯದು. ಕ್ಯಾನ್ವಾಸ್ ಶೂ ಹಾಕಿಕೊಂಡು ಜಾರಿದ ಅಂಪೈರ್ ತಾನೇ ಆಟಗಾರನ ಹಾದಿಗೆ ಬೀಳುತ್ತಾರೆ.

"ತಪ್ಪು ಜಾಗದಲ್ಲಿ ನಿಂತಿದ್ದು ಅಂಪೈರು. ಆಟಗಾರನಿಗೆ ಯಾಕೆ ಬೈಗುಳ?"

ಬೈಯಬಾರದು, ಕಾರ್ಡಂತೂ ಸಲ್ಲದು. ನಮ್ಮ ಮೈದಾನಗಳಲ್ಲಿ ಆಗುವ ಡಿಕ್ಕಿಗಳಿಗೆ ನಿಲ್ಲುವ ಜಾಗವೇ ದೊಡ್ಡ ಕಾರಣ.

ಇಬ್ಬರು ಅಂಪೈರ್‌ಗಳು ಅರ್ಧರ್ಧ ಮೈದಾನ ಹಂಚಿಕೊಳ್ಳುತ್ತಾರೆ. ಸೈಡ್‌ಲೈನಿನಲ್ಲಿ ಮೈದಾನಕ್ಕೆ ಮುಖ ಮಾಡಿ ನಿಂತರೆ ನಿಮ್ಮ ಬಲಗಡೆಯ ಗೋಲು ನಿಮ್ಮದು. ಮೈದಾನದ ಅಗಲ 55 ಮೀಟರ್. ನಡುವಿನಲ್ಲಿ ನಿಂತು ನೋಡುವ ಅಗತ್ಯ ಬೀಳುವುದು ಅಪರೂಪ. ಡಿಕ್ಕಿ ಹೆಚ್ಚು ಆಗುವುದು ಮೂರು ಸಂದರ್ಭದಲ್ಲಿ. ಒಂದು, ಚೆಂಡು ಕೈ ಬದಲಾಗಿ ಎದುರಾಳಿ ದಿಢೀರ್ ಓಡಿದಾಗ ಅಂಪೈರ್ ಇನ್ನೂ ಒಳಗಡೆಯೇ ಇರುವುದು. ಎರಡು, ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಹಿಂದಕ್ಕೆ ಹೆಜ್ಜೆ ಹಾಕುವ ಅಂಪೈರ್, ಗೋಲ್‌ಕೀಪರ್ ಮುಂದೆ ಬರುವುದನ್ನು ಗಮನಿಸದಿರುವುದು. ಮೂರು, ಪೆನಾಲ್ಟಿ ಕಾರ್ನರಿನಲ್ಲಿ ಗೋಲಿನಿಂದ ಓಡಿ ಬರುವ ರಕ್ಷಕರ ಹಾದಿಯಲ್ಲಿ ನಿಲ್ಲುವುದು. ಹಿಂದಕ್ಕೆ ಓಡಬೇಡಿ, ಮೈ ಓರೆ ಮಾಡಿ ಪಕ್ಕಕ್ಕೆ ಓಡಿ. ಆಟವೂ ಕಾಣುತ್ತದೆ, ಬರುವವರೂ ಕಾಣುತ್ತಾರೆ.

"ನಮ್ಮ ಮೇಷ್ಟ್ರೇ ಅಂಪೈರ್. ದಿನಾ ಕೈ ಹಿಡಿದು ಮಾತಾಡ್ತೀವಿ. ಮ್ಯಾಚಲ್ಲಿ ಹಿಡಿದ್ರೆ ತಪ್ಪಾ?"

ಸಣ್ಣ ಊರಿನಲ್ಲಿ ಇದು ಸಹಜ. ಪಂದ್ಯಕ್ಕೆ ಮುಂಚೆ ಕಾಲು ಮುಟ್ಟಿ ನಮಸ್ಕರಿಸುವ ಮಕ್ಕಳೂ ಇದ್ದಾರೆ, ಅದು ಅವರ ಸಂಸ್ಕಾರ. ಸೀಟಿ ಊದಿದ ಮೇಲೆ ಮಾತ್ರ ಅವರು ನಿಮ್ಮ ಮೇಷ್ಟ್ರಲ್ಲ. ಎದುರು ತಂಡದವರ ಕಣ್ಣಿಗೆ ಹೆಗಲ ಮೇಲಿನ ಕೈ ಸಲಿಗೆಯಾಗಿ ಕಾಣುತ್ತದೆ, ಮುಂದಿನ ತೀರ್ಮಾನ ಎಷ್ಟೇ ಸರಿಯಿದ್ದರೂ ಅವರಿಗೆ ನಂಬಿಕೆ ಬರುವುದಿಲ್ಲ.

ಅಂಪೈರ್ ನೋಡಬೇಕಾದ್ದು ಆ ಕೈ ಏನು ಮಾಡಿತು ಎಂದು. ಬೆರಳ ತುದಿಯಲ್ಲಿ ತಟ್ಟಿ "ಸಾರ್" ಅಂದು ಬಿಟ್ಟರೆ "ಮುಟ್ಟಬೇಡ, ಮಾತಾಡು" ಎನ್ನುವುದೇ ಸಾಕು. ಹಿಡಿದ ಕೈ ಬಿಡದೆ ಅಂಪೈರನ್ನು ತಿರುಗಿಸಿ ನಿಲ್ಲಿಸಿಕೊಂಡರೆ ಕಾರ್ಡ್. ಕಾರ್ಡ್ ಎತ್ತುವ ಕೈಯನ್ನೋ ಸೀಟಿಯನ್ನೋ ಹಿಡಿದರೆ ತೀರ್ಮಾನವನ್ನೇ ಬಲವಂತವಾಗಿ ತಡೆದಂತೆ. ಅಲ್ಲಿ ಸಲಿಗೆಯ ಮಾತು ಎತ್ತಲೇಬಾರದು. ತೋಳಪಟ್ಟಿ ಕಟ್ಟಿದ ಕ್ಯಾಪ್ಟನ್‌ಗೂ ರಿಯಾಯಿತಿ ಇಲ್ಲ. ತನ್ನ ಆಟಗಾರರ ನಡತೆಗೆ ಹೊಣೆ ಅವನೇ, ಆ ಹೊಣೆ ಮರೆತರೆ ಅವನ ಮೇಲೂ ಕಾರ್ಡ್ ಬರಬಹುದು.

"ಕೈಯಲ್ಲಲ್ಲ, ಸ್ಟಿಕ್ ತಾಗಿದ್ದು. ಅದಕ್ಕೆ ಬೇರೆ ಲೆಕ್ಕವಾ?"

ನೋಡುವ ಸುಳಿವುಗಳು ಅವೇ, ತೂಕ ಬೇರೆ. ಚೆಂಡು ಹೊಡೆದ ಬೀಸಿನ ಮುಂದುವರಿಕೆಯಲ್ಲಿ ಸ್ಟಿಕ್ ತಾಗಿದರೆ ಆಟದ ಭಾಗ. ಚೆಂಡೇ ಇಲ್ಲದ ಕಡೆ ಬೀಸಿದ್ದರೆ, ಸೀಟಿಯ ನಂತರ ಬೀಸಿದ್ದರೆ ಮೆಲ್ಲಗೆ ತಾಗಿದ್ದರೂ ಗಂಭೀರ. ಅಂಪೈರ್ ಸೇರಿ ಯಾರ ಮೇಲೂ ಯಾವ ವಸ್ತುವನ್ನೂ ಎಸೆಯಬಾರದೆಂದು ನಿಯಮದಲ್ಲೇ ಇದೆ. ಎಸೆದ ಸ್ಟಿಕ್ ಗುರಿ ತಪ್ಪಿತು ಎಂಬುದು ಎಸೆದವನ ಪುಣ್ಯ, ಅವನ ಸಮರ್ಥನೆಯಲ್ಲ. ಸಿಟ್ಟಿನಲ್ಲಿ ನೆಲಕ್ಕೆ ಅಪ್ಪಳಿಸಿದ ಸ್ಟಿಕ್ ಪುಟಿದು ಅಂಪೈರ್ ಕಾಲಿಗೆ ಬಂದರೆ ಹೊಡೆಯುವ ಉದ್ದೇಶ ಇರಲಿಲ್ಲ ಎನ್ನಬಹುದು. ಆದರೆ ಅಪ್ಪಳಿಸಿದ್ದು ಬೇಕಂತಲೇ, ಆ ನಿರ್ಲಕ್ಷ್ಯಕ್ಕೆ ಹಳದಿ.

## ಗೊಂದಲದ ಸಂದರ್ಭಗಳು

"ಅಂಪೈರ್ ಮೂಗಲ್ಲಿ ರಕ್ತ ಬಂದಿದೆ. ಇನ್ನೂ ಬೇಕಂತ ಮಾಡಿಲ್ಲ ಅಂತೀರಾ?"

ಹೌದು, ಹಾಗೆಯೂ ಆಗಬಹುದು. ಕುರುಡು ಡಿಕ್ಕಿಯಲ್ಲಿ ಮೂಗು ಒಡೆಯಬಹುದು, ಬೇಕಂತಲೇ ತಳ್ಳಿದರೂ ಒಂದು ಗೀರು ಆಗದಿರಬಹುದು. ರಕ್ತ ಕಂಡಾಗ ಸುತ್ತಲಿನವರ ಕೂಗು ಏರುತ್ತದೆ, ಅಂಪೈರ್ ಮೇಲೂ ಅದರ ಒತ್ತಡ ಬೀಳುತ್ತದೆ. ಮೊದಲು ಟೈಮ್ ನಿಲ್ಲಿಸಿ, ಗಾಯಕ್ಕೆ ಚಿಕಿತ್ಸೆ ಆಗಲಿ, ತೀರ್ಮಾನ ಆಮೇಲೆ. ಪೆಟ್ಟು ತಿಂದ ಅಂಪೈರ್ ಮುಂದುವರಿಯಲಾರದಿದ್ದರೆ ಬದಲಿ ಬರಬೇಕು.

"ಇಬ್ಬರು ಹೊಡೆದಾಡೋವಾಗ ಬಿಡಿಸೋಕೆ ಹೋದ ಅಂಪೈರ್‌ಗೇ ಏಟು ಬಿತ್ತು. ಅದು ಯಾವ ಲೆಕ್ಕ?"

ಮೈದಾನದ ಹಾಕಿಯಲ್ಲಿ ಅಂಪೈರ್ ನಡುವೆ ನುಗ್ಗಲೇಬಾರದು. ಜೋರಾಗಿ, ಬಿಡದೆ ಸೀಟಿ ಊದಿ. ತಲೆಯ ಮೇಲೆ ಮಣಿಕಟ್ಟು ಅಡ್ಡಮಾಡಿ ಟೈಮ್ ನಿಲ್ಲಿಸಿ. ನಾಲ್ಕೈದು ಮೀಟರ್ ದೂರ ನಿಂತು, ಯಾರು ಮೊದಲು ಕೈ ಎತ್ತಿದರು, ಯಾರು ಓಡಿ ಬಂದು ಸೇರಿಕೊಂಡರು ಎಂದು ನಂಬರ್ ಗುರುತಿಟ್ಟುಕೊಳ್ಳಿ. ಇನ್ನೊಬ್ಬ ಅಂಪೈರ್ ಎದುರು ಬದಿಯಿಂದ ಅದನ್ನೇ ಮಾಡಲಿ. ಬಿಡಿಸುವ ಕೆಲಸ ಕ್ಯಾಪ್ಟನ್‌ಗಳದು.

ಆದರೂ ಏಟು ಬಿತ್ತೆನ್ನಿ. ಎದುರಾಳಿಗೆ ಬೀಸಿದ್ದು ಅಂಪೈರ್‌ಗೆ ತಾಗಿದರೆ, ಎದುರಾಳಿಗೆ ಬೀಸಿದ್ದಕ್ಕೆ ಶಿಕ್ಷೆ ಇದ್ದೇ ಇದೆ. ಅಂಪೈರ್ ಮೇಲೆ ಹಲ್ಲೆ ಎಂದು ವರದಿಯಲ್ಲಿ ಬರೆಯುವುದು ಸರಿಯಲ್ಲ. ಹಿಡಿದವರು ಯಾರೆಂದು ನೋಡದೆ ಕೊಸರಿಕೊಂಡರೆ ಒಂದು, ತಿರುಗಿ ಮುಖ ನೋಡಿ ಗುದ್ದಿದರೆ ಇನ್ನೊಂದು. 1955ರ ಮಾರ್ಚ್ 13ರಂದು ಬಾಸ್ಟನ್ನಿನ ಐಸ್ ಹಾಕಿ ಪಂದ್ಯದಲ್ಲಿ ಮಾಂಟ್ರಿಯಲ್ ತಂಡದ ಮೌರಿಸ್ ರಿಚರ್ಡ್ ತನ್ನನ್ನು ಹಿಡಿಯುತ್ತಿದ್ದ ಲೈನ್ಸ್‌ಮನ್‌ಗೆ (ರೆಫರಿಯ ಸಹಾಯಕ ಅಧಿಕಾರಿ) ಗುದ್ದಿದ. ಉಳಿದ ಇಡೀ ಋತುವಿಗೂ ಪ್ಲೇಆಫ್‌ಗೂ ಅವನನ್ನು ಹೊರಗಿಟ್ಟರು. ನಾಲ್ಕು ದಿನದ ಮೇಲೆ ಮಾಂಟ್ರಿಯಲ್‌ನಲ್ಲಿ ಗಲಭೆಯೇ ಎದ್ದಿತು.

"ತಲೆಗೆ ಏಟು ಬಿದ್ದು ಮಂಕಾಗಿದ್ದವನು ಅಂಪೈರ್‌ಗೆ ಗುದ್ದಿದ್ರೆ? ಅವನಿಗೆ ಉದ್ದೇಶ ಅಂತ ಇರುತ್ತಾ?"

ಈ ವಿಷಯದಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಇದನ್ನು ತೀರ ಆಳವಾಗಿ ಚರ್ಚಿಸಿದ ಪ್ರಕರಣ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನದು. ಅದು ಬೇರೆಯೇ ಆಟ, ಬೇರೆಯೇ ನಿಯಮ. ಆದರೂ ಉದ್ದೇಶವನ್ನು ಅಳೆಯುವ ಬಗೆ ನಮಗೂ ಪಾಠ.

ಅಲ್ಲಿನ 40ನೇ ನಿಯಮ ಅಧಿಕಾರಿಯ ಮೇಲಿನ ಬಲಪ್ರಯೋಗವನ್ನು ಮೂರು ಬಗೆ ಮಾಡುತ್ತದೆ. ಗಾಯ ಮಾಡುವ ಉದ್ದೇಶದ ಬಲಪ್ರಯೋಗಕ್ಕೆ ಕನಿಷ್ಠ 20 ಪಂದ್ಯ ಅಮಾನತು. ಬೇಕಂತಲೇ ಬಲ ಹಾಕಿದರೂ ಗಾಯದ ಉದ್ದೇಶ ಇಲ್ಲದಿದ್ದರೆ 10. ಹಿಡಿತ ಬಿಡಿಸಿಕೊಳ್ಳಲಷ್ಟೇ ತಳ್ಳಿದರೆ 3. "ಗಾಯದ ಉದ್ದೇಶ" ಎಂಬುದಕ್ಕೂ ವ್ಯಾಖ್ಯೆ ಇದೆ: ಇದರಿಂದ ಗಾಯವಾಗಬಹುದೆಂದು ಆಟಗಾರನಿಗೆ ಗೊತ್ತಿದ್ದ, ಅಥವಾ ಗೊತ್ತಿರಬೇಕಾಗಿದ್ದ ಬಲ. ಎರಡನೆಯ ಭಾಗ ಗಮನಿಸಿ. "ನನಗೆ ಹೊಳೆಯಲೇ ಇಲ್ಲ" ಎಂಬ ಮಾತಿನ ದಾರಿಯನ್ನು ಅದು ಮುಚ್ಚುತ್ತದೆ.

2016ರ ಜನವರಿ 27ರಂದು ಕ್ಯಾಲ್ಗರಿ ತಂಡದ ಡೆನಿಸ್ ವೈಡ್‌ಮನ್ ಎದುರಾಳಿಯಿಂದ ಜೋರು ಪೆಟ್ಟು ತಿಂದು, ಎದ್ದು ಬೆಂಚಿನ ಕಡೆ ಹೋಗುವಾಗ ಲೈನ್ಸ್‌ಮನ್ ಡಾನ್ ಹೆಂಡರ್ಸನ್‌ರನ್ನು ಹಿಂದಿನಿಂದ ಕೆಡವಿದ. ಲೀಗ್ 20 ಪಂದ್ಯ ಹಾಕಿತು, ಆಯುಕ್ತರೂ ಎತ್ತಿಹಿಡಿದರು. ತಲೆಗೆ ಪೆಟ್ಟಾಗಿ ಗೊಂದಲದಲ್ಲಿದ್ದ ಎಂದು ಆಟಗಾರನ ಕಡೆಯವರು ವಾದಿಸಿದರು. ಸ್ವತಂತ್ರ ಮಧ್ಯಸ್ಥಗಾರರು ಗಾಯ ಮಾಡುವ ಉದ್ದೇಶ ಸಾಬೀತಾಗಿಲ್ಲವೆಂದು ಶಿಕ್ಷೆಯನ್ನು 10ಕ್ಕೆ ಇಳಿಸಿದರು. ಅಷ್ಟರಲ್ಲಿ ಅವನು 19 ಪಂದ್ಯ ಕಳೆದುಕೊಂಡಿದ್ದ. ಇಳಿದದ್ದು 10ಕ್ಕೆ, ಸೊನ್ನೆಗಲ್ಲ ಎಂಬುದನ್ನೂ ಮರೆಯಬೇಡಿ.

ನಮ್ಮ ಮೈದಾನಕ್ಕೆ ಬಂದರೆ: ತಲೆಗೆ ಪೆಟ್ಟು ಬಿದ್ದವನ ನಡಿಗೆ ತೂರಾಡುತ್ತದೆಯೇ, ಕೇಳಿದ್ದಕ್ಕೆ ತಡವಾಗಿ ಉತ್ತರಿಸುತ್ತಾನೆಯೇ, ಸ್ಕೋರ್ ಎಷ್ಟು, ಯಾವ ಕ್ವಾರ್ಟರ್ (ಪಂದ್ಯದ ನಾಲ್ಕು ಭಾಗಗಳಲ್ಲಿ ಎಷ್ಟನೆಯದು) ಎಂದು ಹೇಳಬಲ್ಲನೇ ನೋಡಿ. ಇಲ್ಲವೆಂದರೆ ಅವನು ಮೊದಲು ರೋಗಿ. ಕೂಡಲೇ ಹೊರಗೆ ಕಳುಹಿಸಿ ಡಾಕ್ಟರಿಗೆ ತೋರಿಸಬೇಕು, ಆ ದಿನ ಮತ್ತೆ ಆಡಿಸಬಾರದು. ಕಂಡ ಲಕ್ಷಣವೆಲ್ಲ ವರದಿಯಲ್ಲಿ ಬರಲಿ.

"ತಕ್ಷಣ ಸಾರಿ ಕೇಳಿದ. ಬಿಟ್ಟುಬಿಡಬಹುದಲ್ವಾ?"

ಕ್ಷಮೆ ಕೇಳಿದ್ದರಿಂದ ಆಗಿಹೋದ ಉದ್ದೇಶ ಬದಲಾಗದು. ಆದರೆ ಯಾವಾಗ ಕೇಳಿದ ಎಂಬುದು ಸುಳಿವು. ಡಿಕ್ಕಿಯಾದ ಕ್ಷಣದಲ್ಲೇ ಚೆಂಡು ಬಿಟ್ಟು ಕೈ ಕೊಟ್ಟು ಎಬ್ಬಿಸಿದವನದು ಅಕಸ್ಮಾತ್ ಆಗಿರುವ ಸಾಧ್ಯತೆ ಹೆಚ್ಚು. ಕಾರ್ಡ್ ತೆಗೆಯಲು ಅಂಪೈರ್ ಕೈ ಜೇಬಿಗೆ ಹೋದದ್ದು ಕಂಡ ಮೇಲೆ ಬಂದ "ಸಾರಿ"ಗೆ ಆ ಬೆಲೆ ಇಲ್ಲ.

"ನನಗೆ ಬೆನ್ನಿಗೆ ಬಂದು ಗುದ್ದಿದ. ನಾನು ನೋಡಲೇ ಇಲ್ಲ. ಕಾರ್ಡ್ ಕೊಡಬಹುದಾ?"

ನೋಡದ್ದಕ್ಕೆ ಕಾರ್ಡ್ ಬೇಡ. ಟೈಮ್ ನಿಲ್ಲಿಸಿ ಜತೆ ಅಂಪೈರ್ ಹತ್ತಿರ ಹೋಗಿ, ಆಟಗಾರರಿಗೆ ಕೇಳಿಸದಷ್ಟು ದೂರದಲ್ಲಿ ಮಾತಾಡಿ. "ಬೇಕಂತ ಮಾಡಿದ್ನಾ?" ಎಂದು ಕೇಳಿದರೆ ಉತ್ತರವನ್ನು ನೀವೇ ಬಾಯಿಗೆ ಇಟ್ಟಂತೆ. "ಚೆಂಡು ಎಲ್ಲಿತ್ತು? ಅವನು ಎಲ್ಲಿಂದ ಬಂದ? ಕೈ ಹೇಗಿತ್ತು?" ಎಂದು ಕೇಳಿ. ಅವರಿಗೂ ಕಾಣದಿದ್ದರೆ ಬುಲಿ ಹಾಕಿ ಆಟ ಮುಂದುವರಿಸಿ. ಗೆರೆಯಾಚೆಯವರ ಮಾತು ಇದಕ್ಕೆ ಆಧಾರವಲ್ಲ.

"ಮೊಬೈಲ್ ವಿಡಿಯೋ ಇದೆ, ಸ್ಲೋ ಮೋಷನ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಯಾಕೆ ಒಪ್ಪಲ್ಲ?"

ಪಂದ್ಯದ ನಡುವೆ ಒಪ್ಪಲಾಗದು. ಆಮೇಲೆ ವಿಚಾರಣೆ ಮಾಡುವ ಸಮಿತಿ ನೋಡಬಹುದು, ಆದರೆ ಮೊದಲು ಮಾಮೂಲಿ ವೇಗದಲ್ಲಿ ನೋಡಬೇಕು. ನಿಧಾನಗತಿಯಲ್ಲಿ ಕಾಲು ಸೆಕೆಂಡಿನ ಘಟನೆ ಎರಡು ಸೆಕೆಂಡ್ ಆಗುತ್ತದೆ, ಅವನಿಗೆ ಯೋಚಿಸಲು ಸಮಯವಿತ್ತು ಎಂದು ನೋಡುವವರಿಗೆ ಅನಿಸುತ್ತದೆ. ಒಂದೇ ಕೃತ್ಯವನ್ನು ನಿಧಾನಗತಿಯಲ್ಲಿ ಕಂಡವರು ಅದನ್ನು ಹೆಚ್ಚು ಉದ್ದೇಶಪೂರ್ವಕ ಎಂದು ತೀರ್ಮಾನಿಸುತ್ತಾರೆಂದು 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಕೈ ಎಲ್ಲಿತ್ತು, ಯಾವುದು ಮೊದಲು ತಾಗಿತು ಎಂದು ತಿಳಿಯಲು ಸ್ಲೋ ಮೋಷನ್ ಸರಿ. ಉದ್ದೇಶ ಅಳೆಯಲು ಅಲ್ಲ.

## ಕಾರ್ಡ್ ತೋರಿಸಿದ ಮೇಲೆ

"ರಿಪೋರ್ಟಲ್ಲಿ 'ಉದ್ದೇಶಪೂರ್ವಕ ಹಲ್ಲೆ' ಅಂತ ಬರೆದ್ರೆ ಸಾಕಲ್ವಾ?"

ಸಾಲದು. ಅದು ನಿಮ್ಮ ತೀರ್ಮಾನ; ಓದುವವರಿಗೆ ಬೇಕಾದ್ದು ನೀವು ಕಂಡದ್ದು. ಹೀಗೆ ಬರೆಯಿರಿ:

"3ನೇ ಕ್ವಾರ್ಟರ್, 7ನೇ ನಿಮಿಷ. 23 ಮೀಟರ್ ಗೆರೆಯ ಬಳಿ ನೀಲಿ ತಂಡದ ವಿರುದ್ಧ ಫ್ರೀ ಹಿಟ್ ಕೊಟ್ಟೆ. ಆಟ ನಿಂತಿತ್ತು. ನೀಲಿ ತಂಡದ 8ನೇ ನಂಬರ್ ಆಟಗಾರ ಸುಮಾರು 6 ಮೀಟರ್ ದೂರದಿಂದ ನನ್ನನ್ನೇ ನೋಡುತ್ತಾ ನೇರ ಬಂದ. ಸ್ಟಿಕ್ ಎಡಗೈಯಲ್ಲಿತ್ತು. ಬಲ ಅಂಗೈಯಿಂದ ನನ್ನ ಎದೆಗೆ ಒಮ್ಮೆ ತಳ್ಳಿದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬೀಳಲಿಲ್ಲ, ಗಾಯವಿಲ್ಲ. ಕೆಂಪು ಕಾರ್ಡ್ ತೋರಿಸಿದೆ."

ಆಡಿದ ಮಾತಿದ್ದರೆ ಬೈಗುಳವಾದರೂ ಅದೇ ಶಬ್ದದಲ್ಲಿ ಬರೆಯಿರಿ. ಮೈದಾನ ಬಿಡುವ ಮುಂಚೆ, ಇನ್ನೊಬ್ಬರ ಜತೆ ಚರ್ಚಿಸುವ ಮುಂಚೆ ಬರೆದು ಮುಗಿಸಿ. ಜತೆ ಅಂಪೈರ್ ತಮ್ಮದನ್ನು ಬೇರೆ ಹಾಳೆಯಲ್ಲಿ ಬರೆಯಲಿ. ಎರಡರಲ್ಲೂ ವಾಕ್ಯಗಳು ಒಂದೇ ಆಗಿದ್ದರೆ ಸಮಿತಿಗೆ ಅನುಮಾನ ಬರುವುದು ಸಹಜ.

"ಮ್ಯಾಚ್ ಮುಗಿದು, ಪ್ರೈಜ್ ಕೊಡೋವಾಗ ಆದ್ರೆ? ಆಗ ಆಟವೇ ಇಲ್ವಲ್ಲ."

ಶಿಸ್ತು ಅಲ್ಲೂ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಗೆ 1-0ಯಿಂದ ಸೋತ ಪಾಕಿಸ್ತಾನ ತಂಡದ 11 ಆಟಗಾರರಿಗೆ ಪದಕ ಸಮಾರಂಭದ ವರ್ತನೆಗಾಗಿ ನಿಷೇಧ ಬಿತ್ತು. ನಮ್ಮ ಕೂಟಗಳಲ್ಲಿ ಅಂಪೈರ್ ಬರೆದ ವರದಿ ಸಂಘಟಕರಿಗೆ ಹೋಗಬೇಕು. ಪಾರ್ಕಿಂಗ್ ಜಾಗದಲ್ಲಾಗಲಿ, ಬಸ್ ಹತ್ತುವಾಗಲಾಗಲಿ ಆದದ್ದನ್ನೂ ಬರೆಯಿರಿ. ಆಗ ಉದ್ದೇಶ ತಿಳಿಯುವುದು ಸುಲಭ, ಏಕೆಂದರೆ ನೋಡಲು ಚೆಂಡೂ ಇಲ್ಲ, ಓಡುವ ಕಾರಣವೂ ಇಲ್ಲ.

"14 ವರ್ಷದೊಳಗಿನ ಮಕ್ಕಳಿಗೂ ಇಷ್ಟೇ ಕಟ್ಟುನಿಟ್ಟಾ?"

ನಿಯಮ ಒಂದೇ, ಸುಳಿವು ಓದುವಾಗ ವಯಸ್ಸು ನೆನಪಿರಲಿ. ಮಕ್ಕಳು ತಲೆ ತಗ್ಗಿಸಿ ಚೆಂಡನ್ನೇ ನೋಡುತ್ತಾ ಓಡುತ್ತಾರೆ, ಎದುರು ಯಾರಿದ್ದಾರೆಂದು ನಿಜಕ್ಕೂ ಕಾಣುವುದಿಲ್ಲ. ಅಳುತ್ತಾ ಅಂಪೈರ್ ಶರ್ಟ್ ಜಗ್ಗುವ ಹುಡುಗನಿಗೆ ಹಸಿರು ತೋರಿಸಿ ಎರಡು ನಿಮಿಷ ಕೂರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೊಡೆದರೆ ಮಾತ್ರ ವಯಸ್ಸು ನೋಡದೆ ಕೆಂಪು.

"ಹೋದ ವರ್ಷ ಅಂಪೈರನ್ನ ತಳ್ಳಿದವನೇ ಈ ಸಲ ನನಗೆ ಗುದ್ದಿದ. ಹಳೇದು ಸೇರಿಸಿ ನೋಡಬೇಕಲ್ವಾ?"

ಮೈದಾನದಲ್ಲಿ ಬೇಡ. ಹಳೆಯ ಕಥೆ ತಲೆಯಲ್ಲಿದ್ದರೆ ಅಕಸ್ಮಾತ್ ತಾಗಿದ್ದೂ ಬೇಕಂತಲೇ ಎಂದು ಕಾಣುತ್ತದೆ. ಈ ತಾಗುವಿಕೆಯನ್ನು ಇದರ ಕಣ್ಣು, ಕೈ, ದೂರ, ವೇಗದಿಂದಲೇ ಅಳೆಯಿರಿ. ಉದ್ದೇಶ ಖಚಿತವಾದ ಮೇಲೆ ಎಷ್ಟು ಪಂದ್ಯ ಹೊರಗಿಡಬೇಕು ಎಂದು ನಿರ್ಧರಿಸುವಾಗ ಹಿಂದಿನ ದಾಖಲೆ ನೋಡುವುದು ಸಮಿತಿಯ ಕೆಲಸ. ಆ ದಾಖಲೆ ನಿಮ್ಮ ವರದಿಯೊಳಗೆ ಸೇರಬಾರದು.